ಜರ್ಮನ್ ವೈದ್ಯರ ಚೀಟಿಯಲ್ಲಿ ‘ಬ್ರುಖ್’ ಎಂದಿದೆ: ಮುರಿದದ್ದಾದರೂ ಏನು?

ಪ್ರಶ್ನೆ: ನಾನು ದಾವಣಗೆರೆಯವನು, ವಯಸ್ಸು 36. ಸ್ಟುಟ್‌ಗಾರ್ಟ್ ಹತ್ತಿರ ಯಂತ್ರಗಳ ಬಿಡಿಭಾಗ ಪರೀಕ್ಷಿಸುವ ವಿಭಾಗದಲ್ಲಿ ಎಂಜಿನಿಯರ್. ಮೂರು ತಿಂಗಳಿಂದ ಎಡ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಾಣುತ್ತಿದೆ. ನಿಂತಾಗ, ಕೆಮ್ಮಿದಾಗ ಬರುತ್ತದೆ, ಮಲಗಿದರೆ ಮಾಯ. ನೋವಿಲ್ಲ, ಸಂಜೆ ಹೊತ್ತಿಗೆ ಸ್ವಲ್ಪ ಎಳೆತ. ಇಲ್ಲಿನ ವೈದ್ಯರು ಮುಟ್ಟಿ ನೋಡಿ ‘ಲೈಸ್ಟನ್‌ಬ್ರುಖ್, ಎಡ, ರೆಪೊನೀಬಲ್, ಕೆ 40.90 ಜಿ ಎಲ್’ ಎಂದು ಬರೆದು ಸರ್ಜನ್ ಹತ್ತಿರ ಹೋಗಲು ಚೀಟಿ ಕೊಟ್ಟರು. ಮೊಬೈಲ್ ಅನುವಾದದಲ್ಲಿ ‘ಸೊಂಟದ ಮುರಿತ’ ಎಂದು ಬಂತು. ನನ್ನ ಕೆಲಸದಲ್ಲಿ ಬ್ರುಖ್ ಅಂದರೆ ಲೋಹ ಮುರಿಯುವುದು, ಅದನ್ನೇ ದಿನವೂ ಬರೆಯುತ್ತೇನೆ. ಎಕ್ಸ್‌ರೇ ಕೂಡ ಮಾಡದೆ ಮುರಿದಿದೆ ಎಂದು ಹೇಗೆ ಹೇಳಿದರು? ಮನೆ ಬದಲಾಯಿಸುವಾಗ ವಾಷಿಂಗ್ ಮೆಷೀನ್ ಎತ್ತಿದ್ದರಿಂದ ಹೀಗಾಯಿತೇ? ಬಟ್ಟಿ ಜಾರಿರಬೇಕು, ಊರಿಗೆ ಬಂದು ತಿಕ್ಕಿಸಿಕೋ ಎನ್ನುತ್ತಾರೆ ಅಮ್ಮ. ಬೆಲ್ಟ್ ಹಾಕಿದರೆ ಸಾಕು ಎನ್ನುತ್ತಾರೆ ಮಾವ. ಆಪರೇಷನ್ ಬೇಕೇ ಬೇಕೇ? ಒಳಗಿಡುವ ಜಾಲರಿ ಜೀವನವಿಡೀ ಇರುತ್ತದಂತೆ, ಅಪಾಯವಿಲ್ಲವೇ? ಇಲ್ಲೇ ಮಾಡಿಸಲೋ, ಊರಿಗೆ ಬರಲೋ?

ಉತ್ತರ: ನಿಮ್ಮ ಯಾವ ಮೂಳೆಯೂ ಮುರಿದಿಲ್ಲ. ಲೈಸ್ಟನ್‌ಬ್ರುಖ್ ಎಂದರೆ ನಮ್ಮ ಊರುಗಳಲ್ಲಿ ಎಲ್ಲರೂ ಹರ್ನಿಯಾ ಎಂದು ಕರೆಯುವ ತೊಂದರೆಯೇ. ಹೊಟ್ಟೆಯ ಗೋಡೆಯಲ್ಲಿ ತೊಡೆಸಂದಿನ ಬಳಿ ಒಂದು ಸಡಿಲ ಜಾಗವಿದೆ. ಅದರ ಮೂಲಕ ಒಳಪೊರೆ ಚೀಲದಂತೆ ಹೊರಚಾಚಿದೆ, ಆ ಚೀಲದೊಳಕ್ಕೆ ಕೊಬ್ಬೋ ಕರುಳೋ ಇಳಿದು ಹತ್ತುತ್ತಿದೆ. ನಿಂತಾಗ ಬಂದು ಮಲಗಿದಾಗ ಹೋಗುವ ಗಂಟಿಗೆ ಎಕ್ಸ್‌ರೇ ಬೇಕಾಗಿಲ್ಲ. ನಿಲ್ಲಿಸಿ, ಕೆಮ್ಮಿಸಿ, ಬೆರಳಿಟ್ಟು ನೋಡಿದರೆ ಸಾಕು. ಅನುಮಾನ ಉಳಿದರೆ ಅಲ್ಟ್ರಾಸೌಂಡ್ ಮಾಡುತ್ತಾರೆ.

ಗಾಬರಿ ಹುಟ್ಟಿಸಿದ್ದು ಪದ. ಹಾಗಾಗಿ ಮೊದಲು ಪದವನ್ನೇ ಬಿಡಿಸೋಣ. ಜರ್ಮನಿಯಲ್ಲಿ ಓದುವ, ದುಡಿಯುವ ಕನ್ನಡಿಗರು, ಅದರಲ್ಲೂ ಭಾಷಾ ಪರೀಕ್ಷೆ ಬರೆದು ಆಸ್ಪತ್ರೆ ಕೆಲಸಕ್ಕೆ ಹೋಗುವ ನರ್ಸ್‌ಗಳು, ಈ ಪದದ ಮುಂದೆ ಮತ್ತೆ ಮತ್ತೆ ಎಡವುತ್ತಾರೆ.

ಬ್ರುಖ್ ಹುಟ್ಟಿದ್ದು ‘ಬ್ರೆಖನ್’, ಅಂದರೆ ಮುರಿ, ಒಡೆ ಎಂಬ ಕ್ರಿಯಾಪದದಿಂದ. ಗಣಿತದಲ್ಲಿ ಬ್ರುಖ್ ಎಂದರೆ ಭಿನ್ನರಾಶಿ. ಇದು ನಮಗೆ ವಿಚಿತ್ರವೆನಿಸಬೇಕಿಲ್ಲ. ಭಿನ್ನವಾದ ವಿಗ್ರಹವನ್ನು ಪೂಜೆಗಿಡಬಾರದು ಎನ್ನುವಾಗಲೂ ಮುಕ್ಕಾಲನ್ನು ಭಿನ್ನರಾಶಿ ಎನ್ನುವಾಗಲೂ ನಾವು ಬಳಸುವುದು ಒಂದೇ ಪದ. ‘ಶ್ಟೈನ್‌ಬ್ರುಖ್’ ಕಲ್ಲುಗಣಿ. ‘ರೋರ್‌ಬ್ರುಖ್’ ನೀರಿನ ಪೈಪ್ ಒಡೆದದ್ದು. ‘ಐನ್‌ಬ್ರುಖ್’ ಮನೆಗೆ ಕನ್ನ. ನಿಮ್ಮ ಪ್ರಯೋಗಾಲಯದಲ್ಲಿ ‘ಗೆವಾಲ್ಟ್‌ಬ್ರುಖ್’ ಒಂದೇ ಏಟಿನ ಅತಿಭಾರಕ್ಕೆ ಮುರಿದದ್ದು, ‘ಡವರ್‌ಬ್ರುಖ್’ ಲಕ್ಷಾಂತರ ಸಲ ಭಾರ ಏರಿಳಿದು ಸಣ್ಣ ಬಿರುಕು ಬೆಳೆದು ಮುರಿದದ್ದು. ‘ಬ್ರುಖ್‌ಡೇನುಂಗ್’ ಎಂದರೆ ಮುರಿಯುವ ಮುನ್ನ ಲೋಹ ಎಷ್ಟು ಹಿಗ್ಗಿತು ಎಂಬ ಅಳತೆ.

ವೈದ್ಯರ ಬಳಿ ಬಂದರೆ ಇದೇ ಪದ ಎರಡು ಬೇರೆ ದಾರಿ ಹಿಡಿಯುತ್ತದೆ. ಒಂದು, ಮೂಳೆ ಮುರಿತ: ‘ಕ್ನೊಖನ್‌ಬ್ರುಖ್’. ಇನ್ನೊಂದು, ಹೊಟ್ಟೆಯೊಳಗಿನದು ಗೋಡೆ ದಾಟಿ ಹೊರಬರುವುದು. ಹೊಟ್ಟೆಯ ಗೋಡೆ ಒಡೆದುಹೋಗಿ ಕರುಳು ಹೊರಬರುತ್ತದೆ ಎಂದು ಹಿಂದಿನವರು ಎಣಿಸಿದ್ದರು; ಆ ಎಣಿಕೆ ಹೋಯಿತು, ಹೆಸರು ಉಳಿಯಿತು. ಹರ್ನಿಯಾದಲ್ಲಿ ಏನೂ ಪಟ್ಟನೆ ಒಡೆಯುವುದಿಲ್ಲ. ಇರುವ ಸಂದು ಹಿಗ್ಗುತ್ತದೆ, ಪೊರೆ ಚಾಚುತ್ತದೆ.

ಯಾವ ಬ್ರುಖ್ ಎಂದು ತಿಳಿಯಲು ಸಮಾಸದ ಮೊದಲ ಅರ್ಧವನ್ನು ಓದಬೇಕು. ನಾಬೆಲ್ ಹೊಕ್ಕುಳು, ಹಾಗಾಗಿ ‘ನಾಬೆಲ್‌ಬ್ರುಖ್’ ಹೊಕ್ಕುಳ ಹರ್ನಿಯಾ. ನಾರ್ಬೆ ಗಾಯದ ಕಲೆ. ‘ನಾರ್ಬನ್‌ಬ್ರುಖ್’ ಹಳೆಯ ಆಪರೇಷನ್ ಗಾಯದ ಮೂಲಕ ಬಂದ ಹರ್ನಿಯಾ. ‘ತ್ಸ್ವೆರ್ಷ್‌ಫೆಲ್‌ಬ್ರುಖ್’ ವಪೆಯ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯ ಹರ್ನಿಯಾ, ಎದೆಯುರಿಯವರ ಎಂಡೋಸ್ಕೋಪಿ ವರದಿಯಲ್ಲಿ ಕಾಣುವುದು ಇದು. ಮೊದಲ ಅರ್ಧ ಮೂಳೆಯ ಹೆಸರೋ ಕೈಕಾಲಿನ ಹೆಸರೋ ಆಗಿದ್ದರೆ ಅದು ಮುರಿತ: ಆರ್ಮ್‌ಬ್ರುಖ್ ತೋಳಿನದು, ರಿಪ್ಪನ್‌ಬ್ರುಖ್ ಪಕ್ಕೆಲುಬಿನದು.

ಈ ಸೂತ್ರ ಕೈಕೊಡುವ ಒಂದು ಜಾಗವಿದೆ. ಅದನ್ನು ನರ್ಸ್ ಕೆಲಸದವರು ಬರೆದಿಟ್ಟುಕೊಳ್ಳಬೇಕು. ‘ಶೆಂಕೆಲ್‌ಬ್ರುಖ್’ ಎಂದರೆ ತೊಡೆಯ ಬುಡದಲ್ಲಿ, ರಕ್ತನಾಳದ ಪಕ್ಕದ ಸಂದಿನಿಂದ ಇಳಿಯುವ ಹರ್ನಿಯಾ. ‘ಓಬರ್‌ಶೆಂಕೆಲ್‌ಬ್ರುಖ್’ ಎಂದರೆ ತೊಡೆಮೂಳೆ ಮುರಿತ. ‘ಶೆಂಕೆಲ್‌ಹಾಲ್ಸ್‌ಬ್ರುಖ್’ ಎಂದರೆ ತೊಡೆಮೂಳೆಯ ಕತ್ತಿನ ಮುರಿತ, ಬಚ್ಚಲಲ್ಲಿ ಜಾರಿದ ಅಜ್ಜ ಅಜ್ಜಿಯರಿಗೆ ಆಗುವಂಥದ್ದು. ಮೂರರಲ್ಲೂ ಶೆಂಕೆಲ್ ಇದೆ, ಮೂರರಲ್ಲೂ ಬ್ರುಖ್ ಇದೆ. ರೋಗಿಯನ್ನು ಎಬ್ಬಿಸಿ ನಡೆಸಬಹುದೋ ಇಲ್ಲವೋ ಎಂಬುದು ಮಾತ್ರ ಪೂರ್ತಿ ಬೇರೆ. ಬಾಯಿಮಾತಿನಲ್ಲಿ ಪಾಳಿ ಬದಲಾಗುವಾಗ ಅನುಮಾನ ಬಂದರೆ ‘ಹೆರ್ನಿಯೆಯೋ ಫ್ರಾಕ್ಟೂರೋ’ ಎಂದು ಕೇಳಿಬಿಡಿ. ಈ ಎರಡು ಪದಗಳು ಜರ್ಮನ್ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಗೊತ್ತು, ಇವುಗಳಲ್ಲಿ ಗೊಂದಲವಿಲ್ಲ.

ಇನ್ನೆರಡು ಪದಗಳು ನಮ್ಮ ಭಾಷೆಯ ಗೊಂದಲಕ್ಕೇ ಹತ್ತಿರ. ‘ವಾಸರ್‌ಬ್ರುಖ್’, ಅಕ್ಷರಶಃ ನೀರಿನ ಬ್ರುಖ್, ಪೈಪ್ ಒಡೆದದ್ದಲ್ಲ. ವೃಷಣದ ಸುತ್ತ ನೀರು ತುಂಬುವ ಹೈಡ್ರೋಸಿಲ್. ‘ಹೋಡನ್‌ಬ್ರುಖ್’ ಎಂದರೆ ವೃಷಣಚೀಲದವರೆಗೆ ಇಳಿದ ಹರ್ನಿಯಾ. ನಮ್ಮಲ್ಲಿ ಹಳಬರು ಈ ಎರಡಕ್ಕೂ ಅಂಡವಾಯು ಎಂದುಬಿಡುತ್ತಾರೆ. ಹೈಡ್ರೋಸಿಲ್ ಒತ್ತಿದರೆ ಒಳಕ್ಕೆ ಹೋಗುವುದಿಲ್ಲ, ಕರುಳು ಸಿಕ್ಕಿಕೊಳ್ಳುವ ಭಯವೂ ಅದರಲ್ಲಿಲ್ಲ. ಹಾಗಾಗಿ ಅಪ್ಪನಿಗೂ ಅಂಡವಾಯು ಇತ್ತು ಎಂದು ಯಾರಾದರೂ ಹೇಳಿದರೆ, ಅದು ಯಾವುದು ಎಂದು ವಿಚಾರಿಸಿ ಸರ್ಜನ್‌ಗೆ ತಿಳಿಸಿ. ಹರ್ನಿಯಾ ಕುಟುಂಬಗಳಲ್ಲಿ ಹರಿದುಬರುತ್ತದೆ.

ಕಣ್ಣಿನ ವರದಿಯಲ್ಲಿ ‘ಬ್ರುಖ್ ಮೆಂಬ್ರಾನ್’ ಕಂಡರೆ ಪೊರೆ ಒಡೆದಿದೆ ಎಂದಲ್ಲ. 19ನೆಯ ಶತಮಾನದ ಜರ್ಮನ್ ಅಂಗರಚನಾ ತಜ್ಞ ಕಾರ್ಲ್ ಬ್ರುಖ್ ಅವರ ಹೆಸರು ಅದು. ಅಕ್ಷಿಪಟಲದ ಹಿಂದಿನ ತೆಳು ಪದರಕ್ಕೆ ಇಟ್ಟದ್ದು. ಬರ್ಲಿನ್‌ನ ಪೂರ್ವಕ್ಕಿರುವ ಓಡರ್‌ಬ್ರೂಖ್ ಎಂಬ ತಗ್ಗು ಪ್ರದೇಶದ ಹೆಸರಿನಲ್ಲಿರುವುದು ಉಕಾರ ದೀರ್ಘವಾದ ಬೇರೆಯೇ ಪದ, ಅರ್ಥ ಜವುಗುನೆಲ.

ಇನ್ನು ನಿಮ್ಮ ಚೀಟಿ. ಪದಕ್ಕಿಂತ ‘ಕೆ 40.90’ ಎಂಬ ರೋಗದ ಸಂಕೇತ ನಂಬಿಕಸ್ತ. ಕೆ ಅಕ್ಷರದಿಂದ ಶುರುವಾದರೆ ಜೀರ್ಣಾಂಗದ ವಿಭಾಗ: ಕೆ 40 ತೊಡೆಸಂದು, ಕೆ 41 ತೊಡೆಬುಡ, ಕೆ 42 ಹೊಕ್ಕುಳು, ಕೆ 43 ಹೊಟ್ಟೆಯ ಮುಂಗೋಡೆ, ಕೆ 44 ವಪೆ, ಇವೆಲ್ಲ ಹರ್ನಿಯಾಗಳು. ಪೆಟ್ಟಿನಿಂದಾದ ಮೂಳೆ ಮುರಿತಗಳು ಎಸ್ ಅಕ್ಷರದಲ್ಲಿ ಬರುತ್ತವೆ. ತೊಡೆಮೂಳೆಯದು ಎಸ್ 72. ಮೂಳೆ ಸವೆದೋ ದಣಿದೋ ಮುರಿದದ್ದು ಎಂ ಅಕ್ಷರದಲ್ಲಿ. ನಿಮ್ಮ 40.90 ಎಂದರೆ ಒಂದು ಬದಿಯದು, ಸಿಕ್ಕಿಕೊಂಡಿಲ್ಲ, ಕೊಳೆತಿಲ್ಲ, ಆಪರೇಷನ್ ಆದಮೇಲೆ ಮರಳಿ ಬಂದದ್ದಲ್ಲ. ಕೊನೆಯ ಅಂಕಿ ಸೊನ್ನೆಯ ಬದಲು ಒಂದಾಗಿದ್ದರೆ ಮರಳಿ ಬಂದದ್ದು ಎಂದಾಗುತ್ತಿತ್ತು. ಪಕ್ಕದ ಜಿ ಅಕ್ಷರ ಖಚಿತ ಎಂಬುದಕ್ಕೆ. ಅಲ್ಲಿ ವಿ ಇದ್ದರೆ ಅನುಮಾನ ಮಾತ್ರ, ಎ ಇದ್ದರೆ ಇಲ್ಲವೆಂದು ತೀರ್ಮಾನ, ಜೆಡ್ ಇದ್ದರೆ ಹಿಂದೊಮ್ಮೆ ಇದ್ದು ಈಗ ಅದರ ನಂತರದ ಸ್ಥಿತಿ. ಎಲ್ ಎಡ, ಆರ್ ಬಲ, ಬಿ ಎರಡೂ ಬದಿ. ರೆಪೊನೀಬಲ್ ಎಂದರೆ ಒತ್ತಿದರೆ ಅಥವಾ ಮಲಗಿದರೆ ಒಳಕ್ಕೆ ಹೋಗುತ್ತದೆ. ಇಡೀ ಚೀಟಿಯಲ್ಲಿ ನಿಮಗೆ ಅತಿ ಒಳ್ಳೆಯ ಸುದ್ದಿ ಇದೇ ಪದ. ಮುರಿದ ಮೂಳೆಯನ್ನು ಎಳೆದು ಕೂರಿಸುವುದಕ್ಕೂ ಅವರು ‘ರೆಪೊಸಿತ್ಸಿಯೋನ್’ ಎನ್ನುತ್ತಾರೆ, ಅನುವಾದದ ಆ್ಯಪ್ ದಾರಿ ತಪ್ಪಲು ಇದೂ ಕಾರಣವಿರಬಹುದು. ಲೈಸ್ಟೆ ಎಂಬ ಮೊದಲ ಅರ್ಧಕ್ಕೂ ತೊಡೆಸಂದು ಎಂಬುದರ ಜೊತೆ ಪಟ್ಟಿ, ಅಂಚುಪಟ್ಟಿ ಎಂಬ ಅರ್ಥವಿದೆ. ನಿಮ್ಮ ಮೇಜಿನ ಕೆಳಗೆ ನಾಲ್ಕಾರು ಪ್ಲಗ್ ಚುಚ್ಚುವ ಎಕ್ಸ್‌ಟೆನ್ಷನ್ ಪಟ್ಟಿಯೂ ಒಂದು ಲೈಸ್ಟೆಯೇ.

ಚೀಟಿಯ ಮಾತು ಕಚೇರಿಗೆ ತಿಳಿಯುತ್ತದೆಯೇ ಎಂಬ ಅಳುಕು ಬೇಡ. ರಜೆಯ ಪ್ರಮಾಣಪತ್ರವನ್ನು 2023ರಿಂದ ಕಂಪನಿ ಆರೋಗ್ಯ ವಿಮಾ ಸಂಸ್ಥೆಯಿಂದ ಗಣಕದ ಮೂಲಕವೇ ಪಡೆಯುತ್ತದೆ. ಅದರಲ್ಲಿ ಎಂದಿನಿಂದ ಎಂದಿನವರೆಗೆ ಎಂಬುದಿರುತ್ತದೆ, ಕಾಯಿಲೆಯ ಹೆಸರಿರುವುದಿಲ್ಲ.

ವಾಷಿಂಗ್ ಮೆಷೀನ್ ವಿಚಾರಕ್ಕೆ ಬರೋಣ. ಅತಿಭಾರ ಎತ್ತಿ ಹರ್ನಿಯಾ ತಂದುಕೊಂಡ ಎಂಬುದಕ್ಕೆ ಜರ್ಮನ್ನರಲ್ಲಿ ನುಡಿಗಟ್ಟೇ ಇದೆ, ‘ಬ್ರುಖ್ ಎತ್ತಿಕೊಂಡ’ ಎನ್ನುತ್ತಾರೆ. ನೀವು ಕೂಡ ಅದನ್ನು ಗೆವಾಲ್ಟ್‌ಬ್ರುಖ್ ಎಂದೇ ಓದುತ್ತಿದ್ದೀರಿ: ಭಾರ ಮಿತಿ ದಾಟಿತು, ಗೋಡೆ ಸೋತಿತು. ದೇಹದಲ್ಲಿ ನಡೆಯುವುದು ಹಾಗಲ್ಲ. ಗಂಡುಮಗು ತಾಯಿಯ ಹೊಟ್ಟೆಯಲ್ಲಿರುವಾಗ ವೃಷಣಗಳು ಸೊಂಟದ ಒಳಗಿನಿಂದ ಕೆಳಗಿಳಿಯುತ್ತವೆ, ಕೊನೆಯ ಮೂರು ತಿಂಗಳಲ್ಲಿ ತೊಡೆಸಂದಿನ ಓಣಿ ದಾಟುತ್ತವೆ. ಇಳಿಯುವಾಗ ಹೊಟ್ಟೆಯ ಒಳಪೊರೆಯ ಒಂದು ಬೆರಳು ಜೊತೆಗೇ ಇಳಿಯುತ್ತದೆ. ಅದು ಆಮೇಲೆ ಮುಚ್ಚಬೇಕು. ಕೆಲವರಲ್ಲಿ ಪೂರ್ತಿ ಮುಚ್ಚುವುದಿಲ್ಲ. ಬಲ ವೃಷಣ ತಡವಾಗಿ ಇಳಿಯುವುದರಿಂದ ಬಲಗಡೆ ಹರ್ನಿಯಾ ಹೆಚ್ಚು. ನಿಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ ಇದು ಭಾರಕ್ಕೆ ಮುರಿದ ಭಾಗವಲ್ಲ, ಎರಕದಲ್ಲೇ ಉಳಿದುಹೋದ ರಂಧ್ರ. ಒಳಗಿನ ಒತ್ತಡ ವರ್ಷಗಟ್ಟಲೆ ಅದನ್ನು ಹಿಗ್ಗಿಸುತ್ತದೆ.

ಎರಡನೆಯ ಬಗೆ ಇದೆ. ಓಣಿಯ ಹಿಂಗೋಡೆಯೇ ತೆಳುವಾಗಿ ನೇರವಾಗಿ ಉಬ್ಬುವುದು. ಈ ತೆಳು ಜಾಗಕ್ಕೆ ವ್ಯುರ್ಟ್ಸ್‌ಬುರ್ಗ್‌ನ ಅಂಗರಚನಾ ತಜ್ಞ ಫ್ರಾಂಟ್ಸ್ ಕಾಸ್ಪರ್ ಹೆಸೆಲ್‌ಬಾಖ್ ಅವರ ಹೆಸರಿನ ತ್ರಿಕೋನ ಎನ್ನುತ್ತೇವೆ. ಇದು ವಯಸ್ಸಾದವರಲ್ಲಿ ಹೆಚ್ಚು. ಮನೆತನದಲ್ಲಿ ಹರ್ನಿಯಾ ಇರುವುದು, ಸಂಯೋಜಕ ಅಂಗಾಂಶದ ದೌರ್ಬಲ್ಯ, ಪ್ರೋಸ್ಟೇಟ್ ತೆಗೆಸಿರುವುದು ಇವು ಅಪಾಯ ಹೆಚ್ಚಿಸುತ್ತವೆ. ಬಿಡದ ಕೆಮ್ಮು, ಮಲಬದ್ಧತೆ, ಮೂತ್ರಕ್ಕೆ ತಿಣುಕುವುದು ಇರುವ ಹರ್ನಿಯಾವನ್ನು ದೊಡ್ಡದು ಮಾಡುತ್ತವೆ. ಒಂದು ದಿನ ಒಂದು ಯಂತ್ರ ಎತ್ತಿದ್ದರಿಂದ ಹೊಸದಾಗಿ ಹುಟ್ಟುವುದಕ್ಕಿಂತ, ಅಂದು ಮೊದಲ ಸಲ ಹೊರಬಂದು ಕಣ್ಣಿಗೆ ಬಿದ್ದಿರುವ ಸಂಭವವೇ ಹೆಚ್ಚು. ಗಂಡಸರಲ್ಲಿ ಜೀವಮಾನದಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ, ಸುಮಾರು ಶೇ. 27ರಷ್ಟು, ಇದು ಬರುತ್ತದೆ, ಹೆಂಗಸರಲ್ಲಿ ಶೇ. 3. ತಪ್ಪು ಮಾಡಿದೆ ಎಂದು ಕೊರಗಬೇಡಿ.

ಅಂದಹಾಗೆ, ಲೋಹದ ದಣಿವಿನ ಮುರಿತಕ್ಕೆ ನಿಜವಾದ ಜೋಡಿ ಮೂಳೆಯಲ್ಲಿದೆ. ‘ಎರ್‌ಮ್ಯೂಡುಂಗ್ಸ್‌ಬ್ರುಖ್’ ಎಂಬ ಒಂದೇ ಪದವನ್ನು ಯಂತ್ರದವರೂ ಮೂಳೆಯವರೂ ಬಳಸುತ್ತಾರೆ. ದೂರದ ನಡಿಗೆ ಮಾಡುವ ಸೈನಿಕರ ಪಾದ ಊದಿಕೊಳ್ಳುವುದನ್ನು ಪ್ರಶ್ಯದ ಸೇನಾವೈದ್ಯ ಬ್ರೈಟ್‌ಹೌಪ್ಟ್ 1855ರಲ್ಲೇ ವಿವರಿಸಿದ್ದರು. ಪಾದದ ಮೂಳೆ ಬಿರುಕು ಬಿಟ್ಟಿರುತ್ತಿತ್ತು. ರೈಲು ಅಚ್ಚುಗಳು ಏಕೆ ಮುರಿಯುತ್ತವೆ ಎಂದು ಅದೇ ಪ್ರಶ್ಯದಲ್ಲಿ ಎಂಜಿನಿಯರ್ ವ್ಯೋಲರ್ ಪರೀಕ್ಷೆ ನಡೆಸಿದ್ದೂ ಹೆಚ್ಚುಕಮ್ಮಿ ಅದೇ ಕಾಲ. ನಿಮ್ಮ ಹರ್ನಿಯಾ ಈ ಗುಂಪಿಗೆ ಸೇರಿದ್ದಲ್ಲ.

ಈಗ ಮುಂದಿನ ದಾರಿ. ಸಂದು ತಾನಾಗಿ ಮುಚ್ಚುವುದಿಲ್ಲ. ಮಾತ್ರೆ, ಲೇಪ, ಆಸನ, ವ್ಯಾಯಾಮ ಯಾವುದೂ ಅದನ್ನು ಮುಚ್ಚುವುದಿಲ್ಲ. ಹಾಗೆಂದು ಕಂಡ ಕೂಡಲೇ ಕೊಯ್ಯಲೇಬೇಕು ಎಂಬುದೂ ನಿಜವಲ್ಲ. ತೊಂದರೆ ಇಲ್ಲದ, ಅಥವಾ ತೀರ ಕಡಿಮೆ ಇರುವ ಗಂಡಸರು ಕಾದು ನೋಡಬಹುದು. ಅಮೆರಿಕದಲ್ಲಿ ಇಂಥ 720 ಗಂಡಸರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾದವರಲ್ಲಿ ಹರ್ನಿಯಾ ದಿಢೀರ್ ಸಿಕ್ಕಿಕೊಂಡದ್ದು ವರ್ಷಕ್ಕೆ ಸಾವಿರ ಮಂದಿಗೆ ಇಬ್ಬರಿಗಿಂತ ಕಡಿಮೆ. ಆದರೆ ಎರಡು ವರ್ಷದಲ್ಲಿ ಶೇ. 23, ಆಮೇಲೂ ಗಮನಿಸುತ್ತ ಹೋದಾಗ ಹತ್ತು ವರ್ಷದಲ್ಲಿ ಸುಮಾರು ಶೇ. 68ರಷ್ಟು ಮಂದಿ ಕೊನೆಗೆ ಆಪರೇಷನ್ ಮಾಡಿಸಿಕೊಂಡರು, ಬಹುತೇಕ ನೋವು ಹೆಚ್ಚಾದ ಕಾರಣಕ್ಕೆ. ಅಂದರೆ ಕಾಯುವುದು ಅಪಾಯದ ಹಾದಿಯಲ್ಲ, ಆದರೆ ಹೆಚ್ಚಿನವರಿಗೆ ಅದು ಮುಂದೂಡಿಕೆ ಅಷ್ಟೆ. ನಿಮಗೆ ಸಂಜೆ ಎಳೆತ ಶುರುವಾಗಿದೆ, ವಯಸ್ಸು 36. ನನ್ನ ಅಭಿಪ್ರಾಯದಲ್ಲಿ ಅವಸರವಿಲ್ಲ, ಆದರೆ ನಿಮ್ಮ ಅನುಕೂಲದ ತಿಂಗಳು ನೋಡಿ ಮಾಡಿಸಿಕೊಳ್ಳುವುದೇ ಸರಿ.

ಈ ಕಾಯುವ ಸಲಹೆ ಗಂಡಸರಿಗೆ ಮಾತ್ರ. ಹೆಂಗಸರ ತೊಡೆಸಂದಿನ ಗಂಟು ಅನೇಕ ಸಲ ಶೆಂಕೆಲ್‌ಬ್ರುಖ್ ಆಗಿರುತ್ತದೆ, ಅದರ ಸಂದು ಕಿರಿದು ಮತ್ತು ಗಡುಸು, ಕರುಳು ಸಿಕ್ಕಿಕೊಳ್ಳುವ ಸಂಭವ ಬಹಳ ಹೆಚ್ಚು. ಅವರು ತಡಮಾಡಬಾರದು. ಹಸುಗೂಸುಗಳ ತೊಡೆಸಂದಿನ ಹರ್ನಿಯಾವನ್ನೂ ಕಾಯಿಸಬಾರದು. ಎಳೆಯ ಮಕ್ಕಳ ಹೊಕ್ಕುಳ ಹರ್ನಿಯಾ ಮಾತ್ರ ಬೇರೆ, ಅದು ಹೆಚ್ಚಾಗಿ ಕೆಲವು ವರ್ಷದಲ್ಲಿ ತಾನಾಗಿ ಮುಚ್ಚುತ್ತದೆ. ಅದರ ಮೇಲೆ ನಾಣ್ಯ ಇಟ್ಟು ಬಟ್ಟೆ ಕಟ್ಟುವುದರಿಂದ ಚರ್ಮ ಹುಣ್ಣಾಗುತ್ತದೆಯೇ ಹೊರತು ಬೇರೆ ಲಾಭವಿಲ್ಲ.

ನಿಮ್ಮ ಮಾವ ಹೇಳಿದ ಬೆಲ್ಟ್‌ಗೆ ಜರ್ಮನಿಯಲ್ಲಿ ‘ಬ್ರುಖ್‌ಬಾಂಡ್’ ಎಂದು ಹೆಸರು. ಅದು ಗಂಟನ್ನು ಹೊರಗಿನಿಂದ ತಡೆಹಿಡಿಯುತ್ತದೆ, ಸಂದನ್ನು ಮುಚ್ಚುವುದಿಲ್ಲ. ಬಿಗಿಯಾದ ದಿಂಬು ವರ್ಷಗಟ್ಟಲೆ ಒತ್ತಿದರೆ ಚರ್ಮ ಸವೆಯುತ್ತದೆ. ಒಳಕ್ಕೆ ಹೋಗದ ಗಂಟಿನ ಮೇಲೆ ಬೆಲ್ಟ್ ಬಿಗಿದರೆ ಕರುಳನ್ನೇ ಅದುಮಿದಂತೆ. ಅರಿವಳಿಕೆಯೇ ತಾಳದಷ್ಟು ನಿತ್ರಾಣರಾದವರಿಗೆ ಸರ್ಜನ್ ನೋಡಿ ಬರೆದರೆ ಸರಿ, ನಿಮಗೆ ಬೇಡ.

ಬಟ್ಟಿ ತಿಕ್ಕಿಸುವ ಮಾತನ್ನು ಅಮ್ಮನಿಗೆ ನೀವೇ ಮೃದುವಾಗಿ ಬಿಡಿಸಿ ಹೇಳಬೇಕು. ಹೊಟ್ಟೆ ಹಿಡಿದುಕೊಂಡಾಗ, ಭೇದಿಯಾದಾಗ ಬಟ್ಟಿ ಜಾರಿದೆ ಎಂದು ಹೊಟ್ಟೆ ತಿಕ್ಕಿಸುವುದು ನಮ್ಮ ಕಡೆಯ ಹಳೆಯ ರೂಢಿ. ಹರ್ನಿಯಾದಲ್ಲಿ ಜಾರಿದ್ದು ನಿಜಕ್ಕೂ ಏನೋ ಇದೆ, ಅದಕ್ಕೇ ತಿಕ್ಕುವುದು ಇಲ್ಲಿ ಅಪಾಯ. ಸಿಕ್ಕಿಕೊಂಡ ಕರುಳನ್ನು ಎಣ್ಣೆ ಹಚ್ಚಿ ಬಲವಾಗಿ ಒತ್ತಿದರೆ ಹರಿಯಬಹುದು, ಅಥವಾ ರಕ್ತ ನಿಂತುಹೋದ ಕರುಳು ಹಾಗೇ ಒಳಕ್ಕೆ ಸೇರಿ ಒಳಗೇ ಕೊಳೆಯಬಹುದು.

ಆಪರೇಷನ್‌ಗೆ ಮುಖ್ಯವಾಗಿ ಎರಡು ದಾರಿ. ಮೊದಲನೆಯದು ತೆರೆದು ಮಾಡುವುದು. ತೊಡೆಸಂದಿನ ಮೇಲೆ ಐದಾರು ಸೆಂಟಿಮೀಟರ್ ಕೊಯ್ದು, ಚೀಲವನ್ನು ಒಳಕ್ಕೆ ಸೇರಿಸಿ, ಓಣಿಯ ಹಿಂಗೋಡೆಯ ಮೇಲೆ ಸುಮಾರು 7 × 15 ಸೆಂಟಿಮೀಟರ್ ಜಾಲರಿ ಹೊಲಿಯುತ್ತಾರೆ. ಲಾಸ್ ಏಂಜಲೀಸ್‌ನ ಸರ್ಜನ್ ಲಿಕ್ಟನ್‌ಸ್ಟೈನ್ ಅವರ ಹೆಸರಿನ ಈ ವಿಧಾನವನ್ನು ಆ ಜಾಗ ಮಾತ್ರ ಮರಗಟ್ಟಿಸಿಯೂ ಮಾಡಬಹುದು, ಹೃದಯ ಶ್ವಾಸಕೋಶ ದುರ್ಬಲವಾದವರಿಗೆ ಅದು ದೊಡ್ಡ ಅನುಕೂಲ. ಎರಡನೆಯದು ಉದರದರ್ಶಕದ (ಲ್ಯಾಪರೋಸ್ಕೋಪ್) ಮೂಲಕ, ಮೂರು ಸಣ್ಣ ರಂಧ್ರಗಳಿಂದ. ಹೊಟ್ಟೆಯ ಒಳಗೆ ಹೋಗಿ ಮಾಡಿದರೆ ಟಾಪ್, ಹೊಟ್ಟೆಯೊಳಕ್ಕೆ ಹೋಗದೆ ಗೋಡೆಯ ಪದರಗಳ ನಡುವೆ ಮಾಡಿದರೆ ಟೆಪ್ ಎನ್ನುತ್ತಾರೆ. ಇದರಲ್ಲಿ ಜಾಲರಿ ಸ್ನಾಯುವಿನ ಹಿಂದೆ ಕೂರುತ್ತದೆ, ಕನಿಷ್ಠ 10 × 15 ಸೆಂಟಿಮೀಟರ್ ಇರಬೇಕು. ಚಿಕ್ಕದಿಟ್ಟರೆ ಅಂಚಿನಿಂದ ಹರ್ನಿಯಾ ಮರಳುತ್ತದೆ. ಪೂರ್ತಿ ಅರಿವಳಿಕೆ ಬೇಕು. ಶುರುವಿನ ನೋವು ಕಡಿಮೆ, ಕೆಲಸಕ್ಕೆ ಬೇಗ ಮರಳಬಹುದು. ಎರಡೂ ಬದಿ ಇದ್ದವರಿಗೆ, ಹೆಂಗಸರಿಗೆ, ಹಿಂದೆ ತೆರೆದು ಮಾಡಿಸಿ ಮರಳಿ ಬಂದವರಿಗೆ ಇದೇ ಮೇಲು. ಆದರೆ ಕೈ ಪಳಗಲು 50ರಿಂದ 100 ಆಪರೇಷನ್ ಬೇಕಾಗುವ ವಿಧಾನ ಇದು. ಹಾಗಾಗಿ ಯಾವ ವಿಧಾನ ಒಳ್ಳೆಯದು ಎಂದು ಕೇಳುವುದಕ್ಕಿಂತ, ನೀವು ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ ಎಂದು ಸರ್ಜನ್‌ರನ್ನು ಕೇಳಿ. ಆ ಪ್ರಶ್ನೆಯಿಂದ ಒಳ್ಳೆಯ ಸರ್ಜನ್ ಬೇಸರಪಡುವುದಿಲ್ಲ. ಜಾಲರಿ ಇಲ್ಲದೆ ನಾಲ್ಕು ಸಾಲು ಹೊಲಿಗೆ ಹಾಕುವ ಶೌಲ್ಡೈಸ್ ವಿಧಾನವೂ ಇದೆ. ಅದು ಪಳಗಿದ ಕೈಗಳಲ್ಲಿ ಚೆನ್ನಾಗಿ ನಡೆಯುತ್ತದೆ, ಸಾಮಾನ್ಯವಾಗಿ ಮರುಕಳಿಸುವುದು ಹೆಚ್ಚು.

ಜಾಲರಿ ಹೆಚ್ಚಾಗಿ ಪಾಲಿಪ್ರೊಪಿಲೀನ್ ನೂಲಿನದು. ಜೀವಮಾನವಿಡೀ ಒಳಗಿರುತ್ತದೆ, ಅದರ ಕಣ್ಣುಗಳ ಮೂಲಕ ನಿಮ್ಮದೇ ಅಂಗಾಂಶ ಬೆಳೆದು ಗೋಡೆಯಾಗುತ್ತದೆ. ಅದು ಲೋಹವಲ್ಲ, ಎಂಆರ್‌ಐ ಸ್ಕ್ಯಾನ್‌ಗೆ ಅಡ್ಡಿಯಿಲ್ಲ. ಮಕ್ಕಳಾಗುವುದಕ್ಕೆ ತೊಂದರೆ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಸೋಂಕು ಅಪರೂಪ, ಆದರೆ ತಗುಲಿದರೆ ಕೆಲವೊಮ್ಮೆ ಜಾಲರಿ ತೆಗೆಯಬೇಕಾಗುತ್ತದೆ. ಮುಚ್ಚಿಡದೆ ಹೇಳಬೇಕಾದ ನಿಜವಾದ ತೊಂದರೆ ಬೇರೆ: ಮೂರು ತಿಂಗಳು ದಾಟಿಯೂ ಉಳಿಯುವ ನೋವು. ಹತ್ತರಲ್ಲಿ ಒಬ್ಬರಿಗೆ ಗಮನಕ್ಕೆ ಬರುವಷ್ಟು ಇರುತ್ತದೆ, ಬಹುತೇಕರಿಗೆ ಕಾಲಕ್ರಮದಲ್ಲಿ ಇಳಿಯುತ್ತದೆ, ಕೆಲವರಿಗೆ ದಿನದ ಕೆಲಸ ಕೆಡಿಸುವಷ್ಟು ಉಳಿದುಬಿಡುತ್ತದೆ. ಓಣಿಯಲ್ಲಿ ಹಾದುಹೋಗುವ ಮೂರು ಸಣ್ಣ ನರಗಳಲ್ಲಿ ಯಾವುದಾದರೂ ಹೊಲಿಗೆಗೆ ಸಿಕ್ಕುವುದು ಅಥವಾ ಗಾಯದ ಅಂಗಾಂಶದಲ್ಲಿ ಹೂತುಹೋಗುವುದು ಒಂದು ಕಾರಣ. ಆಪರೇಷನ್‌ಗೆ ಮುಂಚೆಯೇ ಜೋರು ನೋವಿದ್ದವರಿಗೆ, ಚಿಕ್ಕ ವಯಸ್ಸಿನವರಿಗೆ ಇದರ ಸಂಭವ ಹೆಚ್ಚು. ರಕ್ತ ಕಟ್ಟಿ ವೃಷಣಚೀಲ ನೀಲಿಯಾಗುವುದು, ನೀರು ತುಂಬಿ ಮತ್ತೆ ಗಂಟು ಕಂಡಂತಾಗುವುದು ಸಾಮಾನ್ಯ, ವಾರಗಳಲ್ಲಿ ಕರಗುತ್ತವೆ. ವೃಷಣಕ್ಕೆ ರಕ್ತ ಕಡಿಮೆಯಾಗಿ ಸೊರಗುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ, ಆದರೂ ಒಪ್ಪಿಗೆ ಪತ್ರದಲ್ಲಿ ಇರಲೇಬೇಕಾದ ಮಾತು.

ಒಪ್ಪಿಗೆ ಪತ್ರದ ವಿಷಯದಲ್ಲಿ ಜರ್ಮನ್ ಕಾನೂನು ನಿಮ್ಮ ಪರ ಇದೆ. ವೈದ್ಯರು ಬಾಯಿಮಾತಿನಲ್ಲಿ, ನಿಮಗೆ ಅರ್ಥವಾಗುವಂತೆ, ಯೋಚಿಸಲು ಸಮಯ ಉಳಿಯುವಂತೆ ವಿವರಿಸಬೇಕು. ಸಹಿ ಹಾಕಿದ ಕಾಗದದ ಪ್ರತಿ ಕೊಡಬೇಕು. ಜರ್ಮನ್ ಚೆನ್ನಾಗಿ ಬರುವ ಒಬ್ಬರನ್ನು ಕರೆದೊಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಹೇಳಿ, ಸಿಗರೇಟ್ ಇದ್ದರೆ ಬಿಡಿ. ಸಾರ್ವಜನಿಕ ವಿಮೆಯವರಾದರೆ ಖರ್ಚು ವಿಮೆಯದು, ಆಸ್ಪತ್ರೆಯಲ್ಲಿ ಉಳಿದ ದಿನಕ್ಕೆ 10 ಯೂರೋ ಮಾತ್ರ ನಿಮ್ಮದು. ಅದೇ ದಿನ ಮನೆಗೆ ಕಳಿಸುವುದೂ ಸಾಮಾನ್ಯ. ಮೊದಲ 24 ಗಂಟೆ ಮನೆಯಲ್ಲಿ ಒಬ್ಬರು ದೊಡ್ಡವರು ಜೊತೆಗಿರಬೇಕು.

ಮಾಡಿಸಿದ ಮೇಲೆ ವಾರಗಟ್ಟಲೆ ಹಾಸಿಗೆ ಹಿಡಿಯಬೇಡಿ. ಅದೇ ಸಂಜೆ ನಡೆಯಬೇಕು. ನೋವು ಎಷ್ಟು ಬಿಡುತ್ತದೋ ಅಷ್ಟು ಕೆಲಸ ಎಂಬುದು ಈಗಿನ ನಿಯಮ. ಕುಳಿತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಹಿಂದಿರುಗಬಹುದು, ಭಾರ ಎತ್ತುವ ಕೆಲಸಕ್ಕೆ ನಿಮ್ಮ ಸರ್ಜನ್ ಹೇಳಿದಷ್ಟು ದಿನ ಬಿಡಿ. ಬ್ರೇಕ್ ಪೆಡಲನ್ನು ನೋವಿಲ್ಲದೆ ಗಟ್ಟಿಯಾಗಿ ಒತ್ತಲಾಗುವವರೆಗೆ ಕಾರು ಓಡಿಸಬೇಡಿ. ಸೊಪ್ಪು, ಕಾಳು, ನೀರು ಹೆಚ್ಚಿರಲಿ; ಮಲವಿಸರ್ಜನೆಗೆ ತಿಣುಕುವಂತಾಗಬಾರದು.

ಈಗಿಂದ ಆಪರೇಷನ್ ದಿನದವರೆಗೆ ಒಂದು ವಿಷಯ ಮಾತ್ರ ಮರೆಯಬೇಡಿ. ಗಂಟು ಗಟ್ಟಿಯಾಗಿ ನೋಯಲು ಶುರುವಾಗಿ, ಮಲಗಿದರೂ ಒಳಹೋಗದಿದ್ದರೆ ಅದು ತುರ್ತು. ಮೇಲಿನ ಚರ್ಮ ಕೆಂಪಾಗಿದ್ದರೆ, ವಾಂತಿ ಬರುತ್ತಿದ್ದರೆ, ಗಾಳಿ ಮಲ ಹೋಗುವುದು ನಿಂತಿದ್ದರೆ ಇನ್ನೂ ತುರ್ತು. ಕರುಳಿನ ರಕ್ತ ನಿಂತರೆ ಲೆಕ್ಕ ಗಂಟೆಗಳದು. ಏನೂ ತಿನ್ನದೆ, ಕುಡಿಯದೆ, ಒತ್ತಿ ಒಳಹಾಕಲು ಹೋಗದೆ 112ಕ್ಕೆ ಕರೆ ಮಾಡಿ ‘ಐನ್‌ಗೆಕ್ಲೆಮ್ಟರ್ ಲೈಸ್ಟನ್‌ಬ್ರುಖ್’, ಅಂದರೆ ಸಿಕ್ಕಿಕೊಂಡ ತೊಡೆಸಂದಿನ ಹರ್ನಿಯಾ ಎನ್ನಿ; ಎಷ್ಟು ಹೊತ್ತಿಗೆ ಶುರುವಾಯಿತು ಎಂಬುದನ್ನೂ ಹೇಳಿ. ಬರೀ ‘ಬ್ರುಖ್’ ಎನ್ನಬೇಡಿ. ಅವರು ‘ಎರ್‌ಬ್ರೆಖನ್’ ಇದೆಯೇ ಎಂದು ಕೇಳಿದರೆ ಅದೂ ಬ್ರೆಖನ್ ಎಂಬ ಮೂಲದಿಂದಲೇ ಬಂದ ಪದ, ಆದರೆ ಕೇಳುತ್ತಿರುವುದು ವಾಂತಿಯ ಬಗ್ಗೆ. ಜೀವಕ್ಕೆ ತುರ್ತಲ್ಲದ, ರಾತ್ರಿ ಹೊತ್ತಿನ ಸಣ್ಣ ಅನುಮಾನಗಳಿಗೆ 116117 ಇದೆ.

ಊರಿಗೆ ಬಂದು ಮಾಡಿಸುವುದೇ? ಈ ಆಪರೇಷನ್ ದಾವಣಗೆರೆಯಲ್ಲೂ ಚೆನ್ನಾಗಿಯೇ ಮಾಡುತ್ತಾರೆ, ಅಮ್ಮನ ಆರೈಕೆಯೂ ಸಿಗುತ್ತದೆ. ಒಳಕ್ಕೆ ಹೋಗುವ ಹರ್ನಿಯಾ ಇಟ್ಟುಕೊಂಡು ವಿಮಾನದಲ್ಲಿ ಬರಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಜರ್ಮನ್ ವಿಮೆ ಊರಲ್ಲಿ ಯೋಜಿಸಿ ಮಾಡಿಸಿದ ಆಪರೇಷನ್ ಖರ್ಚು ಕೊಡುತ್ತದೆ ಎಂದು ನಂಬಬೇಡಿ, ಮೊದಲೇ ಬರೆದು ಕೇಳಿ. ಗಾಯ ಹಸಿಯಿರುವಾಗಲೇ ಹತ್ತಾರು ಗಂಟೆ ಕುಳಿತು ಮರಳಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯವಿದೆ. ತಿಂಗಳ ರಜೆ ಸಿಕ್ಕರೆ ಊರು, ಇಲ್ಲದಿದ್ದರೆ ಸ್ಟುಟ್‌ಗಾರ್ಟ್.

ಎಲ್ಲಿ ಮಾಡಿಸಿದರೂ ಆಪರೇಷನ್ ವರದಿಯ ಪೂರ್ತಿ ಪ್ರತಿ ಇಟ್ಟುಕೊಳ್ಳಿ. ಜರ್ಮನ್ ವರದಿಯಲ್ಲಿ ಮೂರು ಪದ ಬರುತ್ತವೆ: ‘ಬ್ರುಖ್‌ಪ್ಫೋರ್ಟೆ’ ಹರ್ನಿಯಾದ ಬಾಗಿಲು, ಅಂದರೆ ಸಂದು, ‘ಬ್ರುಖ್‌ಸಾಕ್’ ಚೀಲ, ‘ಬ್ರುಖ್‌ಇನ್‌ಹಾಲ್ಟ್’ ಚೀಲದೊಳಗೆ ಇದ್ದದ್ದು. ಕೊನೆಯದರ ಮುಂದೆ ‘ನೆಟ್ಸ್’ ಎಂದಿದ್ದರೆ ಹೆದರಬೇಡಿ. ಹೊಟ್ಟೆಯಲ್ಲಿ ಕರುಳಿನ ಮೇಲೆ ಇಳಿಬಿದ್ದಿರುವ ಕೊಬ್ಬಿನ ಪರದೆಗೂ ನೆಟ್ಸ್ ಎನ್ನುತ್ತಾರೆ, ಸರ್ಜನ್ ಇಟ್ಟ ಜಾಲರಿಗೂ ನೆಟ್ಸ್ ಎನ್ನುತ್ತಾರೆ. ಚೀಲದೊಳಗೆ ಸಿಕ್ಕಿದ್ದು ಮೊದಲನೆಯದು. ಎರಡನೆಯದರ ಅಳತೆ, ತಯಾರಕರ ಹೆಸರು ಮತ್ತು ಬ್ಯಾಚ್ ಸಂಖ್ಯೆ ಇರುವ ಅಂಟುಚೀಟಿಯನ್ನು ಕೇಳಿ ಪಡೆದು ಅದೇ ಕಡತದಲ್ಲಿ ಅಂಟಿಸಿಡಿ. ಇನ್ನು ಇಪ್ಪತ್ತು ವರ್ಷದ ಮೇಲೆ ಬೇರಾವುದೋ ಕಾರಣಕ್ಕೆ ಆ ಜಾಗ ತೆರೆಯಬೇಕಾದ ಸರ್ಜನ್‌ಗೆ ಬೇಕಾಗುವುದು ಅದೇ.